ಐದನೇ ನಂಬರಿನ ಟೋಪಿ

ತೊಗರಿಬೇಳೆಗಿಂತ ಸಣ್ಣದಾದ ಒಂದು ಪ್ಲಾಸ್ಟಿಕ್ ಟೋಪಿಯ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಜಂಪರ್ ಅಂತ ಅದರ ಹೆಸರು. ಹಳೆಯ ಕಂಪ್ಯೂಟರ್ ಕಾರ್ಡುಗಳ ಮೇಲೆ ಅದನ್ನು ಯಾವ ನಂಬರಿಗೆ ತೊಡಿಸುತ್ತೀರೋ, ಕಾರ್ಡು ಆ ನಂಬರಿನ ಗಂಟೆ ಬಾರಿಸಿ ಯಂತ್ರವನ್ನು ಕರೆಯುತ್ತದೆ. ಎರಡು ಕಾರ್ಡು ಒಂದೇ ಗಂಟೆಗೆ ಕೈ ಹಾಕಿದರೆ ಯಂತ್ರ ಕಲ್ಲಾಗಿ ಕೂರುತ್ತದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಲು ಕಾರ್ಡು ತಯಾರಿಸಿದ ಪುಣ್ಯಾತ್ಮರಿಗೇನು ಧಾಡಿ?

ಹೈದರಾಬಾದಿನಲ್ಲಿ ಆಗ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು. ಅಮೆರಿಕದ ಡಾಕ್ಟರುಗಳು ಮಾತಾಡಿದ್ದನ್ನು ಕೇಳಿ ಟೈಪು ಮಾಡುವ ಕೆಲಸ ಮನೆಗೇ ಸಿಗುತ್ತಿತ್ತು. ನನ್ನ ಹೆಂಡತಿ ಶೈಲಾ ಅದಕ್ಕಾಗಿ ಆರು ತಿಂಗಳು ರೋಗಗಳ ಹೆಸರು ಬಾಯಿಪಾಠ ಮಾಡಿದ್ದಳು. ಒಂದು ಶನಿವಾರ ಅವಳ ಪರೀಕ್ಷೆ. ಫೋನ್ ಲೈನಿನಲ್ಲಿ ಬರುವ ದನಿಯನ್ನು ಇಳಿಸಿಕೊಂಡು, ಕೇಳಿ, ಟೈಪು ಮಾಡಿ, ಸಂಜೆ ಐದರೊಳಗೆ ವಾಪಸ್ ಕಳಿಸಬೇಕು. ಫೋನಿಗೆ ಮೋಡೆಮ್ ಕಾರ್ಡು, ದನಿಗೆ ಸೌಂಡ್ ಕಾರ್ಡು. ಎರಡನ್ನೂ ಅಬಿಡ್ಸ್ ಪೇಟೆಯಿಂದ ತಂದು, ನನಗೆಲ್ಲಾ ಗೊತ್ತು ಎಂಬ ಗತ್ತಿನಲ್ಲಿ, ಮುಂಜಾನೆ ಒಟ್ಟಿಗೇ ಜಡಿದೆ.

ಯಂತ್ರ ಕಲ್ಲಾಯಿತು. ವಿಂಡೋಸನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಅಂಗಡಿಯವನನ್ನು ಬೈದೆ, ಕರೆಂಟನ್ನು ಬೈದೆ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಶೈಲಾಳನ್ನೂ ಬೈದೆ. ಮಲ್ಕಾಜ್‌ಗಿರಿಯಿಂದ ಬಂದಿದ್ದ ಮಾವನವರು ಪಕ್ಕದಲ್ಲೇ ಕೂತಿದ್ದರು. ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಸವೆದ ಜೀವ. ಎರಡು ಸಲ ಕೆಮ್ಮಿದರು. ಆ ಕೆಮ್ಮಿನ ಮೇಲೂ ನನಗೆ ಸಿಟ್ಟು ಬಂತು.

ಐದು ಹೊಡೆಯಿತು. ಶೈಲಾ ರೋಗಗಳ ನೋಟ್‌ಬುಕ್ ಮುಚ್ಚಿಟ್ಟಳು. ಆಗ ಮಾವನವರು ಬಾಯಿಬಿಟ್ಟರು.

"ಅಳಿಯಂದ್ರ, ಸಿಟ್ಟಾಗಬ್ಯಾಡ್ರಿ. ಎರಡೂ ಕಾರ್ಡಿನ ಟೋಪಿ ಐದರ ಮ್ಯಾಲೇ ಅದಾವ್ರಿ. ಒಂದ ಲೈನಿಗೆ ಎರಡ ಗಾಡಿ ಬಿಟ್ಟಂಗ ಆಗೇತಿ."

"ಇದನ್ನ ಯಾವಾಗ ನೋಡಿದ್ರಿ, ಮಾವಾರ?"

"ಮುಂಜಾನೇನ ನೋಡಿದ್ನಿರಿ. ಅಳಿಯಂದ್ರ ತಪ್ಪು ನಾವು ಹೆಂಗ ಎತ್ತಿ ತೋರಸೂದ್ರಿ?"

ಮದುವೆಯಲ್ಲಿ ನನ್ನ ಕಾಲು ತೊಳೆದವರು ಅವರು. ತೊಳೆದ ಕಾಲಿನವನನ್ನು ತಿದ್ದಬಾರದೆಂಬ ಆ ಹಾಳು ಮರ್ಯಾದೆಯ ಮೇಲೆ ಬಂದಷ್ಟು ಕೋಪ ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಆ ಮರ್ಯಾದೆಯನ್ನು ಇಷ್ಟು ವರ್ಷ ಹಾಯಾಗಿ ಅನುಭವಿಸಿದವನು ನಾನೇ ಎಂಬುದು ನೆನಪಾಗಿ ಕೋಪ ಇನ್ನೂ ಏರಿತು.

"ಅಪ್ಪಾ, ನಿನ್ನ ಅಳಿಯನ ಮರ್ಯಾದಿ ಉಳೀತು. ನನ್ನ ಕೆಲಸ ಹೋತು," ಎಂದಳು ಶೈಲಾ.

ಆಮೇಲೆ ಸ್ಕ್ರೂಡ್ರೈವರ್ ಅವಳೇ ತೆಗೆದುಕೊಂಡಳು. ಎರಡೂ ಕಾರ್ಡು ಕಿತ್ತಳು. ಯಾವ ನಂಬರು ಖಾಲಿ ಇದೆಯೆಂದು ಮೊದಲು ನೋಡಿ, ಸೌಂಡ್ ಕಾರ್ಡಿನ ಟೋಪಿಯನ್ನು ಹತ್ತಕ್ಕೆ ಸರಿಸಿ, ಒಂದು ಕಾರ್ಡು ನೆಟ್ಟಗೆ ಕೆಲಸ ಮಾಡಿದ ಮೇಲೆ ಇನ್ನೊಂದನ್ನು ಕೂರಿಸಿದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಂಪ್ಯೂಟರಿನ ಮುಚ್ಚಳದ ಒಳಗೆ ಚೀಟಿ ಅಂಟಿಸಿದಳು: ಮೌಸ್ ನಾಲ್ಕು, ಮೋಡೆಮ್ ಐದು, ಪ್ರಿಂಟರ್ ಏಳು, ಸೌಂಡ್ ಹತ್ತು. ಕೆಳಗೆ ದಪ್ಪಕ್ಷರದಲ್ಲಿ, "ಗೊತ್ತಿದ್ದವರು ಬಾಯಿ ಬಿಡ್ರಿ. ಗೊತ್ತಿಲ್ಲದವರು ಬಾಯಿ ಮುಚ್ರಿ."

ಬೇರೆ ಕಡೆ ಅವಳಿಗೆ ಕೆಲಸ ಸಿಗಲು ಮತ್ತೆ ಮೂರು ತಿಂಗಳು ಬೇಕಾಯಿತು. ಆ ಕಂಪ್ಯೂಟರ್ ಗುಜರಿಗೆ ಹೋಗಿ ವರ್ಷಗಳಾದವು. ಚೀಟಿ ಮಾತ್ರ ಅಡುಗೆಮನೆಯ ಬಾಗಿಲ ಹಿಂದಿದೆ. ಮಾವನವರು ಈಗ ಕೆಮ್ಮುವುದಿಲ್ಲ, ನನ್ನ ತಪ್ಪನ್ನು ಮುಖಕ್ಕೇ ಹೇಳುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಉರಿಯುತ್ತಲೇ ಹೋಗಿ, ಕೆಟ್ಟದ್ದು ಮಿಕ್ಸಿಯೇ ಆಗಿರಲಿ, ಮುಚ್ಚಳ ತೆಗೆದು, ಅವರು ಹೇಳಿದ ಜಾಗವನ್ನೇ ಮೊದಲು ನೋಡುತ್ತೇನೆ.