ಕತ್ತಿ ಹಿಡಿದ ಕೈ

ನಮ್ಮೂರಿನ ಕ್ಷೌರದ ಅಣ್ಣನ ಎಡ ಅಂಗೈ ಚಪ್ಪಲಿ ಅಟ್ಟೆಯಷ್ಟು ಗಟ್ಟಿ. ಕತ್ತಿಯನ್ನು ಕಲ್ಲಿಗಿಂತ ಹೆಚ್ಚಾಗಿ ಅಲ್ಲೇ ಮಸೆಯುತ್ತಿದ್ದರು, ಬಾಯಿ ಮುಚ್ಚದೆ ಮಾತಾಡುತ್ತಾ. ಎಷ್ಟೋ ಸಲ ಗೀರಿ ರಕ್ತ ಒಸರುತ್ತಿತ್ತು. ಪಟಿಕ ಒತ್ತಿಕೊಂಡು ಮುಂದಿನವರ ಗಲ್ಲಕ್ಕೆ ಕೈ ಹಾಕುತ್ತಿದ್ದರು.

ಬೇತಮಂಗಲದ ಪಕ್ಕದ ನಮ್ಮೂರಿನ ಗಂಡಸರ ತಲೆಗಳೆಲ್ಲ ಅವರದೇ ಜವಾಬ್ದಾರಿ. ಸುಗ್ಗಿಯಲ್ಲಿ ಮನೆಗಿಷ್ಟು ರಾಗಿ ಕೊಟ್ಟರೆ ವರ್ಷವಿಡೀ ಕ್ಷೌರ. "ತಲೆ ಬಗ್ಸ್ಲಾ, ಒಳಗಿರೋದೇನೂ ಚೆಲ್ಲೋಗಲ್ಲ" ಎಂದು ನನ್ನನ್ನು ಛೇಡಿಸುತ್ತಿದ್ದರು. ನಾನು ಶಾಲೆಗೆ ಮೇಷ್ಟ್ರಾದ ಮೇಲೆ 'ಲಾ' ಹೋಯಿತು, ಛೇಡಿಸುವುದು ಹೋಗಲಿಲ್ಲ. ಸಾವಾದ ಮನೆಯ ದಾಯಾದಿಗಳನ್ನು ಕೆರೆಯ ದಡದಲ್ಲಿ ಸಾಲಾಗಿ ಕೂರಿಸಿ, ಎಲ್ಲರ ತಲೆಯನ್ನೂ ಒಂದೇ ಕತ್ತಿಯಲ್ಲಿ ಬೋಳಿಸುತ್ತಿದ್ದರು. ಕತ್ತಿ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಮ್ಮಪ್ಪ ಹೊಟ್ಟೆಯಲ್ಲಿ ನೀರು ತುಂಬಿ ಮಲಗಿದ್ದಾಗ ನೆಂಟರೇ ಹತ್ತಿರ ಸುಳಿಯಲಿಲ್ಲ. ಇವರು ಮಾತ್ರ ಬಂದು, ಮಂಚದ ಅಂಚಿನಲ್ಲಿ ಕೂತು ಗಡ್ಡ ತೆಗೆದು, "ಗೌಡ್ರು ಈಗ ಮದುವೆಗಂಡು" ಎಂದು ಅಪ್ಪನನ್ನು ನಗಿಸಿ ಹೋಗುತ್ತಿದ್ದರು.

ಈಚೆಗೆ ಅಣ್ಣನ ಲಿವರ್‌ನಲ್ಲೇ ಗೆಡ್ಡೆ ಕಾಣಿಸಿಕೊಂಡಿತು. ಕುಡಿತದ ಫಲ ಅಂದಿತು ಊರು. ಅವರು ಹೆಂಡ ಮುಟ್ಟಿದವರಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಯಾವ ಔಷಧಿ ನಾಟೀತೆಂದು ತಿಳಿಯಲು ಗೆಡ್ಡೆಯ ಚೂರು ತೆಗೆದು ಅದರ ಜೀನ್‌ಗಳನ್ನು ಪರೀಕ್ಷೆ ಮಾಡಿಸಿದರು. ಹೆಪಟೈಟಿಸ್ ಬಿ ವೈರಸ್ಸಿನ ತುಣುಕುಗಳು ಗೆಡ್ಡೆಯ ಜೀನ್‌ಗಳೊಳಗೇ ಸೇರಿಕೊಂಡಿವೆ, ಇದು ಕುಡಿತದ್ದಲ್ಲ, ಬಹಳ ಹಳೆಯ ಸೋಂಕು, ರಕ್ತದಿಂದ ಬಂದಿರಬಹುದು ಎಂದರು ಡಾಕ್ಟರು.

ತಾನೆಷ್ಟು ದಿನ ಬದುಕುತ್ತೇನೆಂದು ಅಣ್ಣ ಕೇಳಲಿಲ್ಲ. "ಕತ್ತೀಲೂ ಬತ್ತದಾ ಸಾ?" ಅಂದರು. ಬರಬಹುದು ಅಂದರು ಡಾಕ್ಟರು.

ಅಂದಿನಿಂದ ಊದಿದ ಕಾಲೆಳೆದುಕೊಂಡು ಮನೆಮನೆಗೆ ಹೋದರು. "ಒಂದ್ ಸಲ ರಕ್ತ ತೋರಿಸ್ಕೊಳಿ. ನನ್ನಿಂದ ಏನಾನ ಆಗಿದ್ರೆ ಈಗ್ಲೇ ಗೊತ್ತಾಗ್ಲಿ" ಎಂದು ಕೈ ಮುಗಿದರು. ಕೆಲವರು ಬೈದರು. ಕೆಲವರು ಅವರು ಎದ್ದುಹೋದ ಮೇಲೆ ಜಗಲಿ ತೊಳೆದರು. ನಮ್ಮ ಮನೆಯಲ್ಲೂ ಅವರಿಗೆ ಕಾಫಿ ಪೇಪರ್ ಲೋಟದಲ್ಲಿ ಬಂತು. ನಾನು ನೋಡಿಯೂ ಲೋಟ ಬದಲಿಸಲಿಲ್ಲ. ಅವರು ಕುಡಿದು, ಲೋಟ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಈಗ ನೆನೆದರೆ ಮುಖ ಎತ್ತಲಾಗುವುದಿಲ್ಲ.

ಪರೀಕ್ಷೆ ಮಾಡಿಸಿಕೊಂಡೆ. ವೈರಸ್ ಇತ್ತು. ಅಣ್ಣನಿಗೆ ಹೇಳಿದಾಗ ಮಗುವಿನಂತೆ ಅತ್ತರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ ಮುಂದೆ ಪಟ್ಟು ಹಿಡಿದರು: "ನನ್ ಗೆಡ್ಡೇದೂ ಮೇಷ್ಟ್ರ ರಕ್ತದ್ದೂ ಒಂದೇನಾ ನೋಡಿ ಏಳಿ ಸಾ."

"ನೋಡಬಹುದು. ಒಂದೇ ಥರ ಕಂಡರೂ ಯಾರಿಂದ ಯಾರಿಗೆ ಹೋಯಿತು ಅಂತ ಹೇಳೋಕಾಗಲ್ಲ" ಎಂದ ಡಾಕ್ಟರು ನನ್ನತ್ತ ತಿರುಗಿದರು. "ನಿಮ್ಮ ಮನೇಲಿ ಯಾರಿಗಾದರೂ ಲಿವರ್ ಕಾಯಿಲೆ ಇತ್ತಾ?"

ಅಪ್ಪ ಹೊಟ್ಟೆ ಊದಿಸಿಕೊಂಡು ಮಲಗಿದ್ದ ಮಂಚ, ಅವರ ಗಡ್ಡ ತೆಗೆದ ಕತ್ತಿ ಅಣ್ಣನ ಗೀರಿದ ಅಂಗೈ ಮೇಲೆ ಆಡುತ್ತಿದ್ದದ್ದು ಕಣ್ಣ ಮುಂದೆ ಬಂತು. ಅದುವರೆಗೆ ಅಣ್ಣನಿಂದ ನನಗೆ ಬಂತು ಅಂದುಕೊಂಡಿದ್ದೆನೇ ಹೊರತು, ನಮ್ಮ ಮನೆಯಿಂದ ಅವರಿಗೆ ಹೋಗಿರಬಹುದು ಅಂತ ಒಂದು ಗಳಿಗೆಯೂ ಯೋಚಿಸಿರಲಿಲ್ಲ. "ನಮ್ಮಪ್ಪನಿಗೆ..." ಅನ್ನುವಷ್ಟರಲ್ಲಿ ಅಣ್ಣ ತಡೆದರು.

"ಸತ್ತೋರ್ನ ಎತ್ಬ್ಯಾಡಿ ಮೇಷ್ಟ್ರೇ. ಕತ್ತಿ ನನ್ ಕೈಲಿತ್ತು."

ಆ ಸುಗ್ಗಿಗೆ ಅವರು ಉಳಿಯಲಿಲ್ಲ. ನಾನು ದಿನಾ ಮಾತ್ರೆ ನುಂಗುತ್ತಾ ಗಟ್ಟಿಯಾಗಿದ್ದೇನೆ. ಅವರು ಬಂದು ಬಾಗಿಲು ತಟ್ಟದಿದ್ದರೆ ನನ್ನ ಹೊಟ್ಟೆಯೂ ಅಪ್ಪನ ಹಾಗೆ ಊದಿಕೊಂಡ ಮೇಲೇ ಗೊತ್ತಾಗುತ್ತಿತ್ತು.

ಅಣ್ಣನ ತಿಥಿಯ ದಿನ ಚಪ್ಪರದಡಿ ಯಾರೋ "ಊರ್ಗೆಲ್ಲಾ ರೋಗ ಅಂಟಿಸ್ಬುಟ್ಟು ಓದ" ಅಂದರು. ನಾನು ಎದ್ದು ನಿಂತು, "ಹಾಗಲ್ಲ, ನಮ್ಮಪ್ಪ..." ಅಂದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಪಂಚೆ ಜಗ್ಗಿದರು: "ಸುಮ್ಕೆ ಕೂತ್ಕಳ್ಲಾ, ಮನೆ ಮರ್ವಾದೆ ತೆಗೀಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಅಣ್ಣನ ಹೆಂಡತಿ ಕೇಳಿದರು: "ಏನೋ ಏಳ್ತಿದ್ರಲ್ಲ ಮೇಷ್ಟ್ರೇ?"

"ಏನಿಲ್ಲಕ್ಕಾ" ಅಂದು ಕೂತುಬಿಟ್ಟೆ.