ಪೂರ್ವದ ಸಮುದ್ರದ ಸಾಸಿವೆ ಕಾಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಲೋಬು ತಯಾರಿಸುವ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಗ್ಲೋಬಜ್ಜಿ ಆಗಲೇ ಕೆಲಸಕ್ಕೆ ನಿಂತಿದ್ದಾರೆ. ಒದ್ದೆ ಕಾಗದದ ಪಟ್ಟಿಯನ್ನು ಬೋಳು ಗೋಳದ ಮೇಲಿಟ್ಟು, ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಹೆಬ್ಬೆರಳಿನಿಂದ ಸವರುತ್ತಾರೆ. ಇಂಥ ಹನ್ನೆರಡು ಪಟ್ಟಿ ಕೂಡಿದರೆ ಒಂದು ಭೂಮಿ. ಇಡೀ ಕಾರ್ಖಾನೆಯಲ್ಲಿ ಪಟ್ಟಿ ಅಂಟಿಸುವವರು ಅವರೊಬ್ಬರೇ.

ಈ ಗೋಳದ ಮೇಲೆ ಅವರ ದೇಶ ಅಂಗೈಯಗಲ. ಉತ್ತರಕ್ಕೆ ಬೆಟ್ಟಸಾಲು, ಉಳಿದ ಮೂರು ಕಡೆ ಸಮುದ್ರ, ನಡುವೆ ಒಂದು ಉದ್ದನೆಯ ನದಿ, ಅದರ ತಿರುವಿನಲ್ಲಿ ಕೆಂಪು ಚುಕ್ಕೆಯಾಗಿ ರಾಜಧಾನಿ. ಪೂರ್ವದ ಸಮುದ್ರದಲ್ಲಿ, ಎರಡು ಪಟ್ಟಿ ಕೂಡುವ ಅಂಚಿನಲ್ಲೇ, ಸಾಸಿವೆಯಷ್ಟು ಒಂದು ದ್ವೀಪ. ಅಜ್ಜಿಯ ಮಗಳು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಮೊಮ್ಮಗಳು ಹುಟ್ಟಿ ಬೆಳೆದದ್ದೂ ಅಲ್ಲೇ.

ಒದ್ದೆಯಾದ ಕಾಗದ ಹಿಗ್ಗುತ್ತದೆ. ಹೆಚ್ಚಾದದ್ದೆಲ್ಲ ಕೊನೆಯ ಪಟ್ಟಿಯ ಪಾಲಿಗೆ ಬಂದು, ಅದರ ಅಂಚು ಪಕ್ಕದ ಪಟ್ಟಿಯ ಮೇಲೇರಿ ಅಲ್ಲಿದ್ದದ್ದನ್ನು ಮುಚ್ಚುತ್ತದೆ. "ಕೊನೇ ಪಟ್ಟಿ ಸಮುದ್ರದಲ್ಲೇ ಮುಗಿಸು, ನೀರಲ್ಲಿ ಯಾರಿರ್ತಾರೆ, ತಪ್ಪು ಕಾಣಲ್ಲ ಅಂತ ನಮ್ಮತ್ತೆ ಕಲಿಸಿದ್ರು. ಮೂವತ್ತು ವರ್ಷ ಹಾಗೇ, ಪೂರ್ವದ ಸಮುದ್ರದಲ್ಲೇ ಮುಗಿಸ್ದೆ" ಎನ್ನುತ್ತಾರೆ.

ಕಳೆದ ತಿಂಗಳು ಮೊಮ್ಮಗಳ ಫೋನು ಬಂತು. "ಅಜ್ಜಿ, ನಮ್ಮ ಸ್ಕೂಲಿಗೆ ನಿಮ್ಮ ಗ್ಲೋಬ್ ಬಂದಿದೆ. ಎಲ್ಲರೂ ಸೇರಿ ನಮ್ಮೂರು ಹುಡುಕಿದ್ವಿ. ಇಲ್ವೇ ಇಲ್ಲ. ನಾವೆಲ್ಲಿದೀವಿ ಅಜ್ಜಿ?"

ದೀಪದ ಬುಡದಲ್ಲೇ ಕತ್ತಲು. ಆ ಫೋನಿನ ಮಾತು ಹೇಳುವಾಗ ಅಜ್ಜಿಯ ಕೈ ನಿಲ್ಲುತ್ತದೆ. "ಹೆತ್ತ ಮಗಳ ಮೇಲೆ ನಾನೇ, ನನ್ನ ಕೈಯಾರೆ, ಸಮುದ್ರ ಅಂಟಿಸಿಬಿಟ್ಟಿದ್ದೆ."

ಅಂದಿನಿಂದ ಅತ್ತೆಯ ಪಾಠಕ್ಕೆ ಅವರು ಕೈಮುಗಿದು ಅದನ್ನು ಬಿಟ್ಟಿದ್ದಾರೆ. ದ್ವೀಪದ ಅಂಚನ್ನೇ ಮೊದಲು ಕೂಡಿಸುತ್ತಾರೆ. ಆಮೇಲೆ ಒಂದೊಂದು ಪಟ್ಟಿಯಲ್ಲೂ ಹಿಗ್ಗಿದಷ್ಟನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಸವರಿ ತೆಗೆಯುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆಯುವಂಥ ನಾಜೂಕಿನ ಕೆಲಸ. ದಿನಕ್ಕೆ ಆರು ಗ್ಲೋಬು ಆಗುತ್ತಿದ್ದದ್ದು ಈಗ ನಾಲ್ಕಕ್ಕೆ ಇಳಿದಿದೆ. ಮಾಲೀಕರ ಮುಖ ಊದಿಕೊಂಡಿದೆ. "ಒಂದು ಸಾಸಿವೆ ಕಾಳಿಗೆ ಇಷ್ಟು ರಂಪ ಯಾಕಮ್ಮಾ? ಈ ತಿಂಗಳು ದಿನಕ್ಕೆ ಆರು ಮುಟ್ಟದಿದ್ರೆ ಇಲ್ಲಿಗೆ ಬೇರೆಯವರನ್ನ ತಂದು ನಿಮ್ಮನ್ನ ಸ್ಟ್ಯಾಂಡ್ ಜೋಡಿಸೋಕೆ ಹಾಕ್ತೀನಿ" ಎಂದು ಹೇಳಿಹೋಗಿದ್ದಾರೆ. ಅವರು ಹೇಳಿದ್ದನ್ನು ಮಾಡುವವರೇ. ಮೂವತ್ತು ವರ್ಷ ಭೂಮಿ ಸವರಿದ ಬೆರಳಿಗೆ ಇನ್ನು ಸ್ಕ್ರೂ ತಿರುಗಿಸುವ ಕೆಲಸ ಸಿಕ್ಕೀತು ಎನ್ನುತ್ತಾ ಅಜ್ಜಿ ಬ್ಲೇಡಿಗೆ ಮೆತ್ತಿದ ಅಂಟನ್ನು ಒರೆಸುತ್ತಾರೆ.

ಇಂದಿನ ಮೊದಲ ಗ್ಲೋಬು ಮಧ್ಯಾಹ್ನದ ದೋಣಿಯಲ್ಲಿ ಮೊಮ್ಮಗಳ ಶಾಲೆಗೆ ಹೋಗಬೇಕು. ಬಿಸಿಲೇರುವ ಹೊತ್ತಿಗೆ ಅಜ್ಜಿ ಅದನ್ನು ಮುಗಿಸಿ ಕಿಟಕಿಯ ಬೆಳಕಿಗೆ ತಿರುಗಿಸುತ್ತಾರೆ. ನೀಲಿಯ ನಡುವೆ ಹಸಿರು ಕಾಳು ಕಾಣುತ್ತದೆ. "ಅವಳು ಬೆರಳಿಟ್ಟರೆ ಮನೆ ಸಿಗಬೇಕು, ಅಷ್ಟೇ ಆಸೆ."

ಅದೊಂದು ಗ್ಲೋಬಿಗೆ ಇಷ್ಟು ಕಷ್ಟಪಟ್ಟರೆ ಸಾಕಲ್ಲವೇ, ಉಳಿದವನ್ನು ಮತ್ತೆ ಎಲ್ಲಾದರೂ ದೂರದ ಸಮುದ್ರದಲ್ಲಿ ಮುಗಿಸಬಹುದಲ್ಲ ಎಂದರೆ, ಅವರು ಮುಂದಿನ ಪಟ್ಟಿಯನ್ನು ಅಂಟಿನಲ್ಲಿ ಅದ್ದುತ್ತಾರೆ.

"ಅಲ್ಲೂ ಯಾರದೋ ಮಗಳು ಇರ್ತಾಳಲ್ಲ."