ಕಾಗಿಣಾ ಬಲೆ, ಕಾಡಂಚಿನ ನಾಯಿ

ಚಿಮ್ಮನಚೋಡದಾಚೆ ಕಾಡಿನ ಅಂಚಿನಲ್ಲಿ ಬೆಳಕು ಹರಿಯುತ್ತಿದೆ. ಕುರಿಹಟ್ಟಿಯ ಮುಳ್ಳುಬೇಲಿಯ ಪಕ್ಕ ನಿಂತ ಸಾಯಬಣ್ಣ ಬಲೆಯ ಮಡಿಕೆಗಳನ್ನು ಎಡ ಮೊಣಕೈ ಮೇಲೆ ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಾರೆ. ಕಣ್ಣು ಮಾತ್ರ ಕುರಿಗಳ ನಡುವೆ ಮಲಗಿರುವ ಕೆಂಚಿಯ ಮೇಲಿದೆ. ನಿನ್ನೆ ಸಂಜೆ ಜೊಲ್ಲು ಸುರಿಸುತ್ತ, ಮನುಷ್ಯರಿಗೂ ಹೆದರದೆ ಹಟ್ಟಿಗೆ ನುಗ್ಗಿದ ನರಿಯನ್ನು ತಡೆದು ಕಚ್ಚಿಸಿಕೊಂಡ ನಾಯಿ ಇದು. ನರಿ ಅಲ್ಲೇ ಸತ್ತಿತು. ಹೆಣವನ್ನು ಅರಣ್ಯದವರು ಪರೀಕ್ಷೆಗೆ ಒಯ್ದಿದ್ದಾರೆ.

"ನಮ್ಮ ಮೊಮ್ಮಗಳು ದಿನಾ ಕೆಂಚಿ ಕುತ್ತಿಗಿ ತಬ್ಬಿಕೊಂಡೇ ಮಲಗತಾಳರಿ. ನಿನ್ನಿ ಸಂಜಿಯಿಂದ ಆಕಿನ್ನ ಹಟ್ಟಿ ಕಡಿ ಬಿಟ್ಟಿಲ್ಲ. ಕಟ್ಟಾಕ ಹೋದ್ರ ಈ ನಾಯಿ ಮೈಮ್ಯಾಗ ಬರ್ಲಿಕತ್ತದ" ಎನ್ನುತ್ತಾರೆ ಹಟ್ಟಿಯ ಒಡತಿ ಅನಸುಬಾಯಿ.

ಚಿಂಚೋಳಿಯ ಕಾಡಿನಲ್ಲಿ ತೋಳ, ನರಿ, ಗುಳ್ಳೆನರಿಗಳಿವೆ. ಅವನ್ನು ಹಿಡಿದು ಸೂಜಿ ಚುಚ್ಚುವುದು ಆಗದ ಮಾತು. ಅದಕ್ಕೇ ಪಶುವೈದ್ಯರ ತಂಡವೊಂದು ಕಾಡಂಚಿನ ಊರು, ಹಟ್ಟಿಗಳ ನಾಯಿಗಳಿಗೆ ರೇಬಿಸ್ ಲಸಿಕೆ ಹಾಕುತ್ತದೆ. ರೋಗ ಊರಿನಿಂದ ಕಾಡಿಗೆ ಹೋಗಬಾರದು, ಕಾಡಿನಿಂದ ಊರಿಗೂ ಬರಬಾರದು. ಈ ತಂಡದಲ್ಲಿ ಬಲೆ ಬೀಸುವವರು ಸಾಯಬಣ್ಣ. ಕೆಲಸ ಚೆನ್ನಾಗಿ ನಡೆದ ದಿನ ಮಧ್ಯಾಹ್ನದೊಳಗೆ ಇಪ್ಪತ್ತು ನಾಯಿ ಸಿಗುತ್ತವೆ. ಕೆಲವು ದಿನ ಎರಡು ನಾಯಿಯೂ ಸಿಗುವುದಿಲ್ಲ.

ಅವರ ಊರು ದಂಡೋತಿ. ಅಪ್ಪ, ಅಜ್ಜ ಎಲ್ಲರೂ ಕಾಗಿಣಾ ಹೊಳೆಯಲ್ಲಿ ಬಲೆ ಬೀಸಿದವರೇ. ಮೀನು ಕಡಿಮೆಯಾದ ಮೇಲೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಹೊತ್ತರು. ಬೆನ್ನು ಕೇಳಲಿಲ್ಲ. ದಿನಗೂಲಿಯ ಈ ಕೆಲಸಕ್ಕೆ ಸೇರಿದಾಗ ಮಾಡಿದ ಮೊದಲ ಕೆಲಸವೆಂದರೆ ಬಲೆಯಂಚಿನ ಸೀಸದ ಗುಂಡುಗಳನ್ನು ಬಿಚ್ಚಿ, ನಾಯಿಗೆ ಪೆಟ್ಟಾಗದಂತೆ ದಪ್ಪ ಹಗ್ಗ ಹೊಲಿದದ್ದು. ಆದರೆ ನಾಯಿಗಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?

ಕಳೆದ ವರ್ಷ ತಂಡಕ್ಕೆ ಕಾಳಗಿಯ ತಾಜುನ್ನಿಸಾ ಬಂದಿದ್ದಾರೆ. ಅವರಿಗೆ ಬಲೆ ಬೇಡ. ರೊಟ್ಟಿ ಮುರಿಯುತ್ತ, ಮೆಲ್ಲಗೆ ಮಾತಾಡುತ್ತ ಕುಳಿತರೆ ನಾಯಿ ತಾನಾಗಿ ಬಂದು ಮೈ ತಿಕ್ಕುತ್ತದೆ.

"ನಾ ಜೀಪಿನಿಂದ ಕಾಲ ಇಳಿಸೂದೇ ತಡ, ಊರನ ನಾಯೆಲ್ಲ ಬೊಗಳತಾವ. ಆಕಿ ಇಳಿದ್ರ ಬೀಗರು ಬಂದಂಗ ಬಾಲ ಅಳ್ಳಾಡಸತಾವ. ಹೊಟ್ಟಿ ಉರೀದಿಲ್ಲೇನ್ರಿ?" ಎಂದು ಸಾಯಬಣ್ಣ ನೇರವಾಗಿ ಕೇಳುತ್ತಾರೆ.

ಇವತ್ತು ತಾಜುನ್ನಿಸಾಗೆ ಸುದ್ದಿಯನ್ನೇ ಕೊಟ್ಟಿಲ್ಲ. ಪಶುವೈದ್ಯೆ ಡಾ. ವೃಂದಾ ವಿಚಾರಿಸಿದಾಗ, "ಆಕಿ ಬೇಕಾಗಿಲ್ರಿ ಮೇಡಂ, ನಾ ಇದ್ದೀನಲ್ಲ" ಎಂದುಬಿಡುತ್ತಾರೆ.

ಬಲೆ ಹಾರುತ್ತದೆ. ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಬೆದರಿದ ಟಗರೊಂದು ಅಡ್ಡ ಜಿಗಿಯುತ್ತದೆ. ಟಗರು ಬಲೆಯೊಳಗೆ ಒದ್ದಾಡುತ್ತಿರುವಾಗ ಕೆಂಚಿ ಬೇಲಿ ದಾಟಿ ಜಾಲಿಕಂಟಿಗಳ ಮರೆಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದಾಚೆ ಕಾಡು.

"ಏ ಸಾಯಬಣ್ಣಾ, ಹುಚ್ಚು ಹಿಡದದ್ದು ಟಗರಿಗೇನೋ?" ಎಂದ ಅನಸುಬಾಯಿ ಮರುಕ್ಷಣವೇ ಕಾಡಿನ ಕಡೆ ನೋಡುತ್ತಾರೆ. "ಕೆಂಚಿ ಕಾಡಿಗಿ ಹೋಗಿ, ಹುಚ್ಚು ಹಿಡದು ಹೊಳ್ಳಿ ಬಂದ್ರ ನನ್ನ ಕೂಸಿನ ಗತಿ ಏನು?"

ಸಾಯಬಣ್ಣ ಟಗರನ್ನು ಬಲೆಯಿಂದ ಬಿಡಿಸುತ್ತಾರೆ. ಆಮೇಲೆ ಫೋನು ತೆಗೆಯುತ್ತಾರೆ. "ತಾಜು... ಜರಾ ಬಾರವ್ವ."

ಪಕ್ಕದ ತಾಂಡಾದಲ್ಲಿದ್ದ ತಾಜುನ್ನಿಸಾ ಸ್ಕೂಟಿಯಲ್ಲಿ ಬಂದಿಳಿಯುತ್ತಾರೆ. "ಏನ್ ಕಾಕಾ, ನನ್ನ ಬಿಟ್ಟು ಬಂದೀರಿ. ಸಿಕ್ತೇನು ಮೀನ?"

ಅನಸುಬಾಯಿಯ ಕಂಬಳಿ ಹೊದ್ದು ಕಂಟಿಗಳಿಂದ ದೂರದಲ್ಲಿ ಕೂತು, ರೊಟ್ಟಿ ಚೂರುಗಳನ್ನು ಎಸೆಯತೊಡಗುತ್ತಾರೆ. ಒಡತಿಯ ಕಂಬಳಿಯ ವಾಸನೆಗೆ ಕೆಂಚಿಯ ಮೂಗು ಹೊರಳುತ್ತದೆ. ಹೊಟ್ಟೆ ನೆಲಕ್ಕೆ ತಾಗಿಸಿ ಬಯಲಿಗೆ ಬರುತ್ತದೆ. ಇನ್ನೂ ಹತ್ತಿರ ಬರುತ್ತದೆ. ಅಷ್ಟರಲ್ಲಿ ಹಲ್ಲು ಕಿರಿಯುತ್ತದೆ. ತಾಜುನ್ನಿಸಾ ಮೊದಲೇ ಲಸಿಕೆ ಹಾಕಿಸಿಕೊಂಡವರಾದರೂ ಇಂಥ ನಾಯಿಗೆ ಕೈ ಚಾಚುವಂತಿಲ್ಲ. ತಿರುಗಿ ನೋಡದೆ, ನಾಯಿಯನ್ನು ಮುದ್ದಿಸುವ ಅದೇ ದನಿಯಲ್ಲಿ ಹೇಳುತ್ತಾರೆ: "ಈಗ, ಕಾಕಾ."

ಬೇಲಿಯ ಹಿಂದಿನಿಂದ ಬಲೆ ಏಳುತ್ತದೆ. ಈ ಸಲ ಅವಸರವಿಲ್ಲ. ತೆಳುನೀರಿನ ಮೇಲೆ ಬೀಸಿದಂತೆ ದುಂಡಗೆ ಅರಳಿ, ಕಂಬಳಿಯ ಅಂಚಿಗೂ ತಾಗದೆ ಕೆಂಚಿಯನ್ನು ಮುಚ್ಚುತ್ತದೆ. ವೃಂದಾ ಸೂಜಿ ಚುಚ್ಚುತ್ತಾರೆ. ಕುರಿ, ಜನರಿಂದ ದೂರ ಕೆಂಚಿಗೆ ಸರಪಳಿ ಬೀಳುತ್ತದೆ. ಇನ್ನೂ ಹಲವು ಸಲ ಸೂಜಿ ಬೇಕು. ಕೂಸು ಅಷ್ಟು ದಿನ ದೂರವೇ ಇರಬೇಕು.

ಅನಸುಬಾಯಿ ಚಹಾದ ಮೊದಲ ಕಪ್ಪನ್ನು ತಾಜುನ್ನಿಸಾಗೆ ಕೊಡುತ್ತಾರೆ. ಸಾಯಬಣ್ಣ ಅದನ್ನೂ ಗಮನಿಸುತ್ತಾರೆ.

"ಮುಂದಿನ ಸೂಜಿಗಿ ರೊಟ್ಟಿ ನಾ ಹಾಕತೀನಿ. ಒಂದು ನಾಯಿನಾದ್ರೂ ನನ್ನ ನೋಡಿ ಬಾಲ ಅಳ್ಳಾಡಸಲಿ" ಎನ್ನುತ್ತಾರೆ.

"ಹಾಕ್ರಿ ಕಾಕಾ. ನಂಗ ಬಲಿ ಬೀಸೂದು ಕಲಸರಿ ಮತ್ತ. ವರ್ಷದಿಂದ ಕೇಳ್ಲಿಕತ್ತೀನಿ."

ಸಾಯಬಣ್ಣ ಬಲೆಯನ್ನು ಮಡಿಸಿ ಕಂಕುಳಿಗೆ ಒತ್ತಿಕೊಳ್ಳುತ್ತಾರೆ. "ಅದೊಂದು ಕೇಳಬ್ಯಾಡವ್ವ. ನಾಯೂ ನಿನ್ನ ಕಡೀನೇ ಬರ್ತಾವ. ಬಲಿ ಬೀಸೂದೂ ನಿನಗ ಬಂದ್ರ, ನನ್ನ ಯಾರು ಕರೀತಾರ?"